ಅಲಾರಂ ಹೊಡೆಯದ ಮಧ್ಯಾಹ್ನ

ಬೆಳಗಿನ ಜಾವ ನಾಲ್ಕೂವರೆಗೆ ಬರೋ ಫೋನುಗಳಲ್ಲಿ ಎರಡೇ ಬಗೆ. ಒಂದು ಊರಿಂದ ಬರುತ್ತೆ, ಇನ್ನೊಂದು ಪ್ಲಾಂಟಿಂದ. ಅವತ್ತು ಬಂದಿದ್ದು ಪ್ಲಾಂಟಿಂದ. 2023ರ ಮಾರ್ಚ್ ತಿಂಗಳ ಕೊನೆಯ ವಾರ.

"ಸಾರ್, ರಾತ್ರಿ ಹನ್ನೆರಡರಿಂದ ಒಂದೂ ಅಲಾರಂ ಬಂದಿಲ್ಲ," ಅಂದರು ನೈಟ್ ಶಿಫ್ಟಿನ ಆಪರೇಟರ್.

ನಿದ್ದೆಗಣ್ಣಲ್ಲಿ ನನ್ನ ಬಾಯಿಂದ ಬಂದ ಉತ್ತರ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. "ಒಳ್ಳೇದೇ ಆಯ್ತಲ್ಲ ಬಿಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಮಾಧಾನವಾಗಿ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಇಲ್ಲಿದೀನಿ ಸಾರ್. ನಾಲ್ಕು ಗಂಟೆ ಕಾಲ ಒಂದೂ ಅಲಾರಂ ಇಲ್ಲದ ರಾತ್ರಿ ನಾನು ನೋಡಿಲ್ಲ."

ನಿದ್ದೆ ಹಾರಿಹೋಯಿತು. ಯಾಕಂದ್ರೆ ಅದೇ ರಾತ್ರಿ ಹನ್ನೊಂದೂವರೆಗೆ ಬೆಂಗಳೂರಿನ ನನ್ನ ಮನೆಯ ಡೈನಿಂಗ್ ಟೇಬಲ್ ಮೇಲಿಂದಲೇ ಆ ಪ್ಲಾಂಟಿನ ಕಂಪ್ಯೂಟರುಗಳಿಗೆ ತಿಂಗಳ ಅಪ್‌ಡೇಟ್ ಹಾಕಿದ್ದವನು ನಾನು. ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಅಲಾರಂ ಸರ್ವರಿನ ಮುಂದೆ 'ರನ್ನಿಂಗ್' ಅಂತ ಇರೋದನ್ನ ನೋಡಿದೆ, ಲ್ಯಾಪ್‌ಟಾಪ್ ಮುಚ್ಚಿದೆ.

ಈ ಲೋಕದ ಪರಿಚಯ ಇಲ್ಲದವರಿಗೆ ಒಂದು ಮಾತು. ದೊಡ್ಡ ಕಾರ್ಖಾನೆಯಲ್ಲಿ ಸಾವಿರಾರು ಸೆನ್ಸರುಗಳು ಇರುತ್ತವೆ. ಒತ್ತಡ ಏರಿತು, ಟ್ಯಾಂಕ್ ತುಂಬಿತು, ಪಂಪ್ ನಿಂತಿತು ಎಂಬ ಸುದ್ದಿಯನ್ನೆಲ್ಲ ಒಂದು ಕಡೆ ಸೇರಿಸಿ, ಸಮಯದ ಮುದ್ರೆ ಒತ್ತಿ, ಆಪರೇಟರುಗಳ ಪರದೆಗೆ ಹಂಚುವ ಪ್ರೋಗ್ರಾಮೇ ಅಲಾರಂ ಸರ್ವರ್. ಅಂಚೆ ಕಚೇರಿ ಅಂದುಕೊಳ್ಳಿ. ಆಪರೇಟರ್ ಮುಂದಿರೋ ಕಂಪ್ಯೂಟರ್ ಆ ಕಚೇರಿಗೆ ಹೋಗಿ "ನನ್ನ ಪತ್ರ ಕೊಡಿ" ಅಂತ ಕೇಳಬೇಕು, ಕಚೇರಿ ಗುರುತಿನ ಚೀಟಿ ನೋಡಿ ಕೊಡಬೇಕು. ಅವತ್ತು ರಾತ್ರಿ ಕಚೇರಿ ತೆರೆದೇ ಇತ್ತು, ಗುಮಾಸ್ತರೂ ಇದ್ದರು, ಪತ್ರಗಳು ರಾಶಿ ಬಿದ್ದಿದ್ದವು. ಆದರೆ ಕೌಂಟರಿಗೆ ಬಂದವನಿಗೆ "ನಿನಗೆ ಅನುಮತಿ ಇಲ್ಲ" ಅಂತ ಹೇಳಿ ಕಳಿಸ್ತಾ ಇದ್ದರು. ಲಾಗ್ ತೆಗೆದು ನೋಡಿದರೆ ಕೆಲವು ಸೆಕೆಂಡಿಗೊಂದು ಸಾಲಿನಂತೆ 'ಆಕ್ಸೆಸ್ ಡಿನೈಡ್', 'ಆಕ್ಸೆಸ್ ಡಿನೈಡ್'. ಐದು ಗಂಟೆ ಕಾಲ ಸಿಸ್ಟಮ್ ಕೂಗಿಕೊಂಡಿದೆ, ಯಾರೂ ಕೂರದ ಕೋಣೆಯಲ್ಲಿ. ಕಂಟ್ರೋಲ್ ರೂಮಿನ ಪರದೆ ಮೇಲೆ ಮಾತ್ರ ಹಳೆಯ ಪಟ್ಟಿ ಹಾಗೇ ಇತ್ತು. ಕೆಂಪಿಲ್ಲ, ಸದ್ದಿಲ್ಲ. ನೋಡಿದವರಿಗೆ ಸುಖನಿದ್ರೆಯಲ್ಲಿರೋ ಪ್ಲಾಂಟು.

ಆಪರೇಟರ್ ನನಗೆ ಫೋನ್ ಮಾಡೋ ಮೊದಲೇ ಹುಡುಗನೊಬ್ಬನನ್ನ ಟಾರ್ಚ್ ಕೊಟ್ಟು ಹೊರಗೆ ಕಳಿಸಿದ್ದರು. ಒಂದು ಟ್ಯಾಂಕಿನ ಮಟ್ಟ 'ಹೈ' ಗೆರೆ ದಾಟಿತ್ತು. ಕೈಯಿಂದ ವಾಲ್ವ್ ತಿರುಗಿಸಿ ಇಳಿಸಿದರು. ಏನೂ ಆಗಲಿಲ್ಲ. ಆದರೆ ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ಆ ವಾರಾಂತ್ಯ ನಾನು ಕೂತು ಓದಿದ್ದು 2004ರ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಕೆನಡಾ ಸರ್ಕಾರಗಳು ಒಟ್ಟಾಗಿ ಪ್ರಕಟಿಸಿದ ಒಂದು ತನಿಖಾ ವರದಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟ್ರೈನಿಂಗ್‌ನಲ್ಲಿ ಅದರ ಹೆಸರು ಕೇಳಿದ್ದೆ. ಈ ಸಲ ಪುಟ ಪುಟವಾಗಿ ಓದಿದೆ, ತಪ್ಪು ಮಾಡಿದವನು ಇನ್ನೊಬ್ಬರ ತಪ್ಪಿನ ಕಥೆಯನ್ನ ಓದುವ ಹಾಗೆ.

2003ರ ಆಗಸ್ಟ್ 14, ಗುರುವಾರ. ಓಹಾಯೋ ರಾಜ್ಯದ ಏಕ್ರನ್ ಊರಿನ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿ. ಅದರ ಕಂಟ್ರೋಲ್ ರೂಮಿನಲ್ಲಿ ಜನರಲ್ ಎಲೆಕ್ಟ್ರಿಕ್ ತಯಾರಿಸಿದ, ಯುನಿಕ್ಸ್ ಮೇಲೆ ನಡೆಯುವ ಎಕ್ಸ್‌ಎ-21 ಎಂಬ ಸಾಫ್ಟ್‌ವೇರ್. ಸೆಕೆ ದಿನ, ಏಸಿಗಳ ಹೊರೆ. ಮಧ್ಯಾಹ್ನ 1.31ಕ್ಕೆ ಈಸ್ಟ್‌ಲೇಕ್ ಸ್ಥಾವರದ ಒಂದು ಘಟಕ ನಿಂತಿತು. ಇದೆಲ್ಲ ವಿದ್ಯುತ್ ಜಾಲದ ದಿನನಿತ್ಯದ ಸಂಸಾರ. 2.14ಕ್ಕೆ ಆಗಿದ್ದು ಮಾತ್ರ ಬೇರೆ. ಆ ನಿಮಿಷದಲ್ಲಿ ಅಲಾರಂ ಹೊಡೆಯುವ ಪ್ರೋಗ್ರಾಮ್ ನಿಂತುಹೋಯಿತು. ಅದು ನಿಂತಿದೆ ಅಂತ ಹೇಳುವ ಅಲಾರಂ ಇರಲಿಲ್ಲ.

ಕಾರಣ ಗೊತ್ತಾಗೋಕೆ ಆಮೇಲೆ ವಾರಗಟ್ಟಲೆ ಕೋಡ್ ಜಾಲಾಡಬೇಕಾಯಿತು. ಸಾಫ್ಟ್‌ವೇರ್ ಗೆಳೆಯರು 'ರೇಸ್ ಕಂಡೀಷನ್' ಅಂತಾರೆ. ಒಂದೇ ಮಾಹಿತಿಯ ಮೇಲೆ ಎರಡು ಪ್ರೋಗ್ರಾಮುಗಳಿಗೆ ಒಂದೇ ಕ್ಷಣದಲ್ಲಿ ಬರೆಯುವ ಅವಕಾಶ ಸಿಕ್ಕಿಬಿಟ್ಟಿತು. ಒಂದೇ ಹಾಜರಿ ಪುಸ್ತಕದ ಒಂದೇ ಸಾಲಿನಲ್ಲಿ ಇಬ್ಬರು ಒಟ್ಟಿಗೆ ಪೆನ್ನು ಊರಿದ ಹಾಗೆ. ಸಾಲು ಕೆಟ್ಟಿತು. ಕೆಟ್ಟ ಸಾಲನ್ನ ಓದಲಾರದೆ ಅಲಾರಂ ಪ್ರೋಗ್ರಾಮ್ ಗಿರಗಿರ ಸುತ್ತತೊಡಗಿತು. ಆ ಅವಕಾಶದ ಕಿಂಡಿ ತೆರೆಯುತ್ತಿದ್ದುದು ಬರೀ ಮಿಲಿಸೆಕೆಂಡುಗಳ ಕಾಲ. ನನ್ನದು ಒಬ್ಬನನ್ನೂ ಒಳಗೆ ಬಿಡದ ಆಕ್ಸೆಸ್ ಎರರ್, ಅವರದು ಇಬ್ಬರನ್ನ ಒಟ್ಟಿಗೆ ಒಳಗೆ ಬಿಟ್ಟ ಆಕ್ಸೆಸ್ ಎರರ್. ನನ್ನದು ಕೊನೇಪಕ್ಷ ಲಾಗಿನಲ್ಲಾದರೂ ಕೂಗಿತು.

ಮುಂದಿನದು ನಿಧಾನವಾಗಿ ನಡೆಯುವ ದುರಂತ. ಹಂಚಲಾಗದ ಅಲಾರಂಗಳು ರಾಶಿ ಬೀಳುತ್ತಾ ಹೋದವು. 2.41ಕ್ಕೆ ಆ ಪ್ರೋಗ್ರಾಮ್ ಇದ್ದ ಸರ್ವರೇ ಕುಸಿಯಿತು. ಒಳ್ಳೆಯ ವಿನ್ಯಾಸವೇ, ಬ್ಯಾಕಪ್ ಸರ್ವರ್ ತಾನಾಗಿ ಎದ್ದು ಎಲ್ಲ ಕೆಲಸ ವಹಿಸಿಕೊಂಡಿತು. ಎಲ್ಲ ಅಂದ್ರೆ ಎಲ್ಲ, ಸ್ತಬ್ಧವಾಗಿದ್ದ ಅಲಾರಂ ಪ್ರೋಗ್ರಾಮನ್ನೂ ಸೇರಿಸಿ, ಅದೇ ಸ್ಥಿತಿಯಲ್ಲಿ. ಹೂತುಹೋದ ಗಾಡಿಗೆ ಬೇರೆ ಎತ್ತು ಕಟ್ಟಿದ ಹಾಗಾಯಿತು. ಹದಿಮೂರು ನಿಮಿಷದಲ್ಲಿ, 2.54ಕ್ಕೆ, ಅದೂ ಬಿತ್ತು. ಸರ್ವರ್ ಬಿದ್ದರೆ ಕಂಪನಿಯ ಐಟಿ ವಿಭಾಗದವರಿಗೆ ತಾನಾಗಿ ಪೇಜ್ ಹೋಗುವ ವ್ಯವಸ್ಥೆ ಇತ್ತು. ಹೋಯಿತು. ಅವರು ಕೆಲಸಕ್ಕಿಳಿದರು. ಆಪರೇಟರುಗಳ ಪರದೆ ಒಂದರಿಂದ ಮೂರು ಸೆಕೆಂಡಿಗೆ ಬದಲಾಗಬೇಕಿದ್ದದ್ದು 59 ಸೆಕೆಂಡಿಗೊಮ್ಮೆ ಬದಲಾಗತೊಡಗಿತು. ಪರದೆ ನಿಧಾನ ಆಗಿದೆ ಅಂದುಕೊಂಡರೇ ಹೊರತು, ಅಲಾರಂ ಸತ್ತಿದೆ ಅಂತ ಯಾರಿಗೂ ಅನಿಸಲಿಲ್ಲ.

3.08ಕ್ಕೆ ಐಟಿಯವರು ರೀಬೂಟ್ ಮುಗಿಸಿದರು. ಸರ್ವರ್ ಎದ್ದಿತು. ಅವರ ಲೆಕ್ಕದಲ್ಲಿ ಸಮಸ್ಯೆ ಮುಗಿಯಿತು. ಅಲಾರಂ ಮಾತ್ರ ಏಳಲಿಲ್ಲ. ವರದಿಯ ಈ ಭಾಗಕ್ಕೆ ಬಂದಾಗ ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಕಂಟ್ರೋಲ್ ರೂಮಿಗೆ ಒಂದು ಫೋನ್ ಮಾಡಿ "ಅಲಾರಂ ಬರ್ತಿದೆಯಾ?" ಅಂತ ಅವರು ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಅವರು ಸರ್ವರ್ ನೋಡಿದರು, ನಾನು 'ರನ್ನಿಂಗ್' ನೋಡಿದೆ.

ಮೊದಲ ದೊಡ್ಡ ಲೈನ್ ಆಗಲೇ ಹೋಗಿತ್ತು. 3.05ಕ್ಕೆ ಚೇಂಬರ್ಲಿನ್–ಹಾರ್ಡಿಂಗ್ ನಡುವಿನ 345 ಕಿಲೋವೋಲ್ಟ್ ಲೈನ್ ಒಂದು ಮರಕ್ಕೆ ತಾಗಿ ಟ್ರಿಪ್ ಆಯಿತು. ತನ್ನ ಸಾಮರ್ಥ್ಯದ 44 ಶೇಕಡಾ ಹೊರೆ ಮಾತ್ರ ಅದರ ಮೇಲಿತ್ತು. ಅಂದರೆ ಕೆಳಗೆ ಬೆಳೆದ ಮರವನ್ನ ಸಮಯಕ್ಕೆ ಸರಿಯಾಗಿ ಕಡಿದಿದ್ದರೆ ಸಾಕಿತ್ತು. 3.32ಕ್ಕೆ ಇನ್ನೊಂದು, ಹಾನಾ–ಜೂನಿಪರ್. 3.41ಕ್ಕೆ ಮೂರನೆಯದು, ಸ್ಟಾರ್–ಸೌತ್ ಕ್ಯಾಂಟನ್. ಮೂರೂ ಮರಕ್ಕೆ ತಾಗಿಯೇ ಹೋದವು. ಒಂದು ಹೋದಾಗಲೆಲ್ಲ ಉಳಿದವುಗಳ ಮೇಲೆ ಹೊರೆ ಏರುತ್ತೆ, ಹೊರೆ ಏರಿದರೆ ತಂತಿ ಕಾದು ಜೋಲುತ್ತೆ, ಜೋತರೆ ಕೆಳಗೆ ಮತ್ತೊಂದು ಮರ.

ನಮ್ಮಲ್ಲಿ ಕರೆಂಟ್ ಹೋದರೆ ಮೊದಲು ಏನು ಮಾಡ್ತೀವಿ? ಕಿಟಕಿಗೆ ಹೋಗಿ ಪಕ್ಕದ ಮನೆಯಲ್ಲಿ ದೀಪ ಇದೆಯಾ ನೋಡ್ತೀವಿ. ಏಕ್ರನ್‌ನಲ್ಲಿ ಪಕ್ಕದ ಮನೆಯವರೇ ಫೋನ್ ಮಾಡಿ ಹೇಳ್ತಾ ಇದ್ದರು. 2.27ಕ್ಕೆ ಸ್ಟಾರ್–ಸೌತ್ ಕ್ಯಾಂಟನ್ ಲೈನ್ ಒಮ್ಮೆ ಟ್ರಿಪ್ ಆಗಿ ತಕ್ಷಣ ಮತ್ತೆ ಕೂಡಿಕೊಂಡಿತ್ತು. ಅದರ ಇನ್ನೊಂದು ತುದಿ ನೋಡಿಕೊಳ್ಳುತ್ತಿದ್ದ ಎಇಪಿ ಕಂಪನಿಯವರು 2.32ಕ್ಕೆ ಫೋನ್ ಮಾಡಿ ಕೇಳಿದರು. ಏಕ್ರನ್‌ನವರ ಪರದೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. 3.19ಕ್ಕೆ ಎಇಪಿಯವರು ಮತ್ತೆ ಫೋನ್ ಮಾಡಿದರು. ಪೆರ್ರಿ ಅಣುಸ್ಥಾವರದವರೂ ಆ ಮಧ್ಯಾಹ್ನ ವೋಲ್ಟೇಜ್ ಜಿಗಿದಾಟದ ಬಗ್ಗೆ ಫೋನ್ ಮಾಡಿದರು. ಕಣ್ಣ ಮುಂದೆ ಶಾಂತವಾದ ಪರದೆ ಇರುವಾಗ ಕಿವಿಗೆ ಬಿದ್ದ ಮಾತನ್ನ ನಂಬೋದು ಎಷ್ಟು ಕಷ್ಟ ಅನ್ನೋದು ನನಗೀಗ ಗೊತ್ತು. ನಾನೂ ಮೊದಲು "ಒಳ್ಳೇದೇ ಆಯ್ತಲ್ಲ" ಅಂದವನೇ.

ಇಡೀ ವಲಯವನ್ನ ಮೇಲಿಂದ ನೋಡಬೇಕಿದ್ದ ಮಿಸೋ ಎಂಬ ಸಂಸ್ಥೆಯಲ್ಲಿ ಇನ್ನೊಂದು ಕಥೆ. ಜಾಲದ ಸ್ಥಿತಿಯನ್ನ ಲೆಕ್ಕ ಹಾಕುವ ಅವರ ಪ್ರೋಗ್ರಾಮ್ ಮಧ್ಯಾಹ್ನ ತಪ್ಪು ಉತ್ತರ ಕೊಡತೊಡಗಿತ್ತು. ಒಬ್ಬ ವಿಶ್ಲೇಷಕ ಅದರ ಐದು ನಿಮಿಷಕ್ಕೊಮ್ಮೆ ತಾನಾಗಿ ಓಡುವ ವ್ಯವಸ್ಥೆಯನ್ನ ನಿಲ್ಲಿಸಿ ದೋಷ ಹುಡುಕಿದ. ಸಿಕ್ಕಿತು, ಸರಿ ಮಾಡಿದ. ಆದರೆ ಆ ವ್ಯವಸ್ಥೆಯನ್ನ ಮತ್ತೆ ಚಾಲೂ ಮಾಡೋದನ್ನ ಮರೆತು ಊಟಕ್ಕೆ ಹೋದ. ಆ ಮನುಷ್ಯನ ಮೇಲೆ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತೆ. ಟ್ರಬಲ್‌ಶೂಟಿಂಗ್ ಮಾಡುವಾಗ ತಾತ್ಕಾಲಿಕವಾಗಿ ಆಫ್ ಮಾಡಿದ್ದನ್ನ ಮರೆಯದವರು ನಮ್ಮಲ್ಲಿ ಯಾರಿದ್ದಾರೆ? ಆ ಪ್ರೋಗ್ರಾಮ್ ಪೂರ್ತಿ ಸರಿಹೋಗಿದ್ದು 4.04ಕ್ಕೆ.

ಅಲಾರಂ ಸತ್ತಿದೆ ಅನ್ನೋದು ಏಕ್ರನ್‌ನವರಿಗೆ ಖಚಿತವಾದದ್ದು 3.42ರ ಸುಮಾರಿಗೆ, ನಿಂತು ಒಂದೂವರೆ ಗಂಟೆ ಆದಮೇಲೆ. ಪೂರ್ತಿ ಆರಿಸಿ ಮತ್ತೆ ಹಚ್ಚುವ ಕೋಲ್ಡ್ ರೀಬೂಟ್ ಮಾಡೋಣವೇ ಅಂತ ಚರ್ಚೆ ನಡೆಯಿತು. ಬೇಡ, ಜಾಲ ನಾಜೂಕಾಗಿದೆ, ಈಗ ಇರೋ ಅರೆಬರೆ ಕಣ್ಣನ್ನೂ ಕಿತ್ತುಕೊಳ್ಳಬೇಡಿ ಅನ್ನೋ ಅರ್ಥದಲ್ಲಿ ಕಂಟ್ರೋಲ್ ರೂಮಿನವರು ತಡೆದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. 4.05 ಕಳೆದು 57 ಸೆಕೆಂಡಿಗೆ ಸ್ಯಾಮಿಸ್–ಸ್ಟಾರ್ ಲೈನ್ ಹೋಯಿತು. ಅಲ್ಲಿಂದ ಮುಂದೆ ಮನುಷ್ಯರ ಕೈಯಲ್ಲಿ ಏನೂ ಉಳಿಯಲಿಲ್ಲ. 4.13ರ ಹೊತ್ತಿಗೆ ಎಲ್ಲ ಮುಗಿದಿತ್ತು. ನ್ಯೂಯಾರ್ಕ್, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಟೊರಾಂಟೊ ಸೇರಿ ಸುಮಾರು ಐದು ಕೋಟಿ ಜನರಿಗೆ ಕರೆಂಟ್ ಇಲ್ಲ. 61,800 ಮೆಗಾವಾಟ್ ಹೊರೆ, 265 ವಿದ್ಯುತ್ ಸ್ಥಾವರಗಳು. ನಮ್ಮ ಗಡಿಯಾರದಲ್ಲಿ ಆಗ ಆಗಸ್ಟ್ 15ರ ನಸುಕಿನ 1.43.

ಸ್ಯಾಮಿಸ್–ಸ್ಟಾರ್ ಹೋಗುವ ಮೊದಲು ಕ್ಲೀವ್‌ಲ್ಯಾಂಡ್–ಏಕ್ರನ್ ಭಾಗದಲ್ಲಿ 1,500 ಮೆಗಾವಾಟ್ ಹೊರೆಯನ್ನ ಬೇಕಂತಲೇ ಕತ್ತರಿಸಿದ್ದರೆ ಉಳಿದದ್ದನ್ನ ಉಳಿಸಬಹುದಿತ್ತು ಅಂತ ತನಿಖೆ ಲೆಕ್ಕ ಹಾಕಿತು. ನಮ್ಮ ಭಾಷೆಯಲ್ಲಿ ಲೋಡ್ ಶೆಡ್ಡಿಂಗ್. ಆದರೆ ಬೆಂಕಿ ಬಿದ್ದಿದೆ ಅಂತ ಗೊತ್ತಿಲ್ಲದವನು ನೀರು ಯಾಕೆ ಹುಯ್ತಾನೆ?

ಇದನ್ನೆಲ್ಲ ಓದುವಾಗ ನನಗೆ ಪದೇ ಪದೇ ನೆನಪಾಗಿದ್ದು ಇನ್ನೂ ಹಳೆಯ ಒಂದು ದೀಪ. 1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದುಕೊಂಡು ಮುಚ್ಚದೆ ಹಾಗೇ ಕಚ್ಚಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಮಾತ್ರ 'ಮುಚ್ಚಿದೆ' ಅನ್ನುವ ಹಾಗೆ ಆರಿತ್ತು. ಯಾಕೆ? ಆ ದೀಪ ವಾಲ್ವನ್ನ ನೋಡುತ್ತಲೇ ಇರಲಿಲ್ಲ. ಮುಚ್ಚು ಅಂತ ಆಜ್ಞೆ ಹೋಗಿದೆಯೋ ಇಲ್ಲವೋ, ಅಷ್ಟನ್ನೇ ಅದು ತೋರಿಸುತ್ತಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಹೊಡೆದುಕೊಂಡವು, ಅವನ್ನ ಅಚ್ಚು ಹಾಕುವ ಪ್ರಿಂಟರ್ ಗಂಟೆಗಟ್ಟಲೆ ಹಿಂದೆ ಬಿತ್ತು. ಆ ಗದ್ದಲದ ನಡುವೆ ಆಪರೇಟರುಗಳು ಆ ದೀಪವನ್ನ ನಂಬಿದರು, ರಿಯಾಕ್ಟರಿನ ಒಡಲು ಅರ್ಧದಷ್ಟು ಕರಗಿತು. ನನ್ನ 'ರನ್ನಿಂಗ್' ಆ ದೀಪದ ಮೊಮ್ಮಗ. ಪ್ರೋಗ್ರಾಮ್ ಶುರುವಾಗಿದೆ ಅಂತ ಅದು ಹೇಳುತ್ತೆ, ಪತ್ರ ಯಾರ ಕೈಗಾದರೂ ಸೇರಿತೇ ಅನ್ನೋದು ಅದಕ್ಕೆ ಗೊತ್ತಿಲ್ಲ.

ನಮ್ಮ ಕಸುಬಿನವರು ಶಾಂತ ಪರದೆಯನ್ನ ಇಷ್ಟಪಡೋದಕ್ಕೂ ಒಂದು ಇತಿಹಾಸ ಇದೆ. ಮೊದಲು ಒಂದೊಂದು ಅಲಾರಂಗೂ ಗೋಡೆ ಮೇಲೆ ಒಂದು ಗಾಜಿನ ಕಿಟಕಿ, ಒಂದು ಬಲ್ಬು, ಒಂದು ವೈರು ಬೇಕಿತ್ತು. ಖರ್ಚಿತ್ತು, ಹಾಗಾಗಿ ಯೋಚನೆ ಮಾಡಿ ಹಾಕ್ತಿದ್ದರು. 1975ರ ನಂತರ ಕಂಪ್ಯೂಟರ್ ಆಧಾರಿತ ಕಂಟ್ರೋಲ್ ಸಿಸ್ಟಮ್ ಬಂದಮೇಲೆ ಅಲಾರಂ ಪುಕ್ಕಟೆ ಆಯಿತು. ಪುಕ್ಕಟೆ ಸಿಕ್ಕಿದರೆ ಗೊತ್ತಲ್ಲ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಕೊ ರಿಫೈನರಿ ಸ್ಫೋಟಗೊಳ್ಳುವ ಮುಂಚಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದದ್ದು 275 ಅಲಾರಂ. ಅದಾದಮೇಲೆ 1999ರಲ್ಲಿ ಬ್ರಿಟನ್ನಿನಲ್ಲಿ ಬಂದ ಈಮುವಾ 191 ಎಂಬ ಮಾರ್ಗಸೂಚಿ ಹತ್ತು ನಿಮಿಷಕ್ಕೆ ಸರಾಸರಿ ಒಂದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅಂತು. ನಾವೆಲ್ಲ ಅಲಾರಂ ಕಮ್ಮಿ ಮಾಡೋದನ್ನೇ ಸಾಧನೆ ಅಂತ ಅಪ್ರೈಸಲ್‌ನಲ್ಲಿ ಬರೆದುಕೊಂಡವರು. ಸೊನ್ನೆ ಕಂಡರೆ ಅನುಮಾನ ಪಡೋ ಅಭ್ಯಾಸ ನಮಗೆ ಇಲ್ಲ. ಇಪ್ಪತ್ತೆರಡು ವರ್ಷದ ಆಪರೇಟರಿಗೆ ಇತ್ತು.

ಇನ್ನು ನನ್ನ 'ಆಕ್ಸೆಸ್ ಡಿನೈಡ್' ಎಲ್ಲಿಂದ ಬಂತು? ಅದರ ಬೇರು ಹುಡುಕುತ್ತಾ ಹೋದರೆ ವಿಚಿತ್ರವಾಗಿ ಅದೇ ವಾರಕ್ಕೆ ಹೋಗಿ ನಿಲ್ಲುತ್ತೆ. 1996ರಲ್ಲಿ ಓಪಿಸಿ ಅನ್ನೋ ಒಪ್ಪಂದ ಬಂತು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆಯಲ್ಲಿ ಮಾತಾಡಲಿ ಅಂತ. ಅದು ನಿಂತಿದ್ದು ಮೈಕ್ರೋಸಾಫ್ಟಿನ ಡಿಕಾಮ್ ಎಂಬ ತಂತ್ರದ ಮೇಲೆ. ಒಂದು ಕಂಪ್ಯೂಟರಿನ ಪ್ರೋಗ್ರಾಮ್ ಇನ್ನೊಂದರ ಪ್ರೋಗ್ರಾಮನ್ನ ದೂರದಿಂದಲೇ ಎಬ್ಬಿಸಿ ಕೆಲಸ ಮಾಡಿಸುವ ತಂತ್ರ. 2003ರ ಆಗಸ್ಟ್ 11ರಂದು, ಕತ್ತಲೆಗೆ ಮೂರು ದಿನ ಮೊದಲು, ಬ್ಲಾಸ್ಟರ್ ಎಂಬ ವರ್ಮ್ ಹರಡಲು ಶುರುವಾಯಿತು. ಅದು ನುಗ್ಗಿದ್ದು ಇದೇ ಡಿಕಾಮ್ ಬಾಗಿಲಿನಿಂದ. ಕತ್ತಲೆಗೂ ಅದೇ ಕಾರಣ ಇರಬೇಕು ಅಂತ ಬಹಳ ಜನ ಶಂಕಿಸಿದರು. ಶಂಕೆಗೆ ಆಧಾರವೂ ಇತ್ತು. ಅದೇ ವರ್ಷದ ಜನವರಿಯಲ್ಲಿ ಸ್ಲ್ಯಾಮರ್ ಎಂಬ ಇನ್ನೊಂದು ವರ್ಮ್ ಫಸ್ಟ್‌ಎನರ್ಜಿಯದ್ದೇ ಡೇವಿಸ್–ಬೆಸ್ಸಿ ಅಣುಸ್ಥಾವರದ ಜಾಲಕ್ಕೆ ನುಗ್ಗಿ, ಸುರಕ್ಷತಾ ಮಾಹಿತಿಯ ಪರದೆಯನ್ನ ಗಂಟೆಗಟ್ಟಲೆ ಕುರುಡು ಮಾಡಿತ್ತು. ಆದರೆ ಆಗಸ್ಟ್ 14ರ ಕತ್ತಲೆಗೆ ವರ್ಮ್ ಕಾರಣ ಅನ್ನೋದಕ್ಕೆ ತನಿಖೆಗೆ ಪುರಾವೆ ಸಿಗಲಿಲ್ಲ.

ಬ್ಲಾಸ್ಟರ್ ಹೊಡೆತದ ನಂತರ 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಬಂತು. ಡಿಕಾಮ್ ಬಾಗಿಲಿಗೆ ಹೊಸ ಬೀಗ. ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಸೀನಿಯರುಗಳನ್ನ ಕೇಳಿ, ಆ ವರ್ಷದ ಬೈಗುಳ ಇನ್ನೂ ಮರೆತಿರಲ್ಲ. ನೆನ್ನೆ ತನಕ ಮಾತಾಡ್ತಿದ್ದ ಸರ್ವರ್ ಇವತ್ತು ಮುಖ ತಿರುಗಿಸಿತು. ಹೆಚ್ಚಿನವರು ಕಂಡುಕೊಂಡ ಮದ್ದು ಒಂದೇ: ಅನುಮತಿ ಪಟ್ಟಿಯಲ್ಲಿ 'ಎವ್ರಿಒನ್' ಅಂತ ಸೇರಿಸಿ ಎಲ್ಲಕ್ಕೂ ಟಿಕ್ ಹಾಕೋದು. ಬೀಗ ಹಾಕಿ ಕೀಲಿಯನ್ನ ಅದರಲ್ಲೇ ಬಿಡೋದು. ನಾನು ಕಸುಬು ಕಲಿತದ್ದೂ ಹಾಗೆಯೇ, ಅದನ್ನೇ ಹೊಸಬರಿಗೆ ಕಲಿಸಿದ್ದೂ ಉಂಟು.

ಮತ್ತೆ 2021ರಲ್ಲಿ ಡಿಕಾಮ್‌ನಲ್ಲಿ ಇನ್ನೊಂದು ಲೋಪ ಸಿಕ್ಕಿತು. ಈ ಸಲ ಮೈಕ್ರೋಸಾಫ್ಟ್ ಮೂರು ಹೆಜ್ಜೆಯಲ್ಲಿ ಬೀಗ ಹಾಕಿತು. 2021ರ ಜೂನ್‌ನಲ್ಲಿ ಬೀಗ ಬಂತು, ಹಾಕುವುದು ಬಿಡುವುದು ನಿಮ್ಮಿಷ್ಟ. 2022ರ ಜೂನ್ 14ರಿಂದ ತಾನಾಗಿ ಬೀಳುತ್ತೆ, ಬೇಡವಾದರೆ ರಿಜಿಸ್ಟ್ರಿಯಲ್ಲಿ ಒಂದು ಸಾಲು ಬದಲಿಸಿ ತೆಗೆಯಬಹುದು. 2023ರ ಮಾರ್ಚ್ 14ರಿಂದ ತೆಗೆಯುವ ಅವಕಾಶವೇ ಇಲ್ಲ. ಬರುವ ಪ್ರತಿ ಸಂದೇಶಕ್ಕೂ ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬ ಮುದ್ರೆ ಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್.

ಎರಡು ವರ್ಷದ ನೋಟಿಸ್ ಅದು. ಅವತ್ತು ಬೆಳಗ್ಗೆ ಐದು ಗಂಟೆಗೆ ಸರ್ವರಿನ ಲಾಗಿನಲ್ಲಿ 10036 ನಂಬರಿನ ಸಾಲುಗಳನ್ನ ನೋಡಿದ ತಕ್ಷಣ ನನಗೆ ಅರ್ಥ ಆಯಿತು. ಆಪರೇಟರ್ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರೋಗ್ರಾಮ್ ಮುದ್ರೆ ಇಲ್ಲದೆ ಹೋಗಿ ಕೇಳ್ತಾ ಇತ್ತು. ಒಂಬತ್ತು ತಿಂಗಳ ಹಿಂದೆಯೇ ಇದೇ ತೊಂದರೆ ಬಂದಾಗ ಆ ರಿಜಿಸ್ಟ್ರಿ ಸಾಲನ್ನ ಬದಲಿಸಿದವರು ಯಾರು ಅಂತ ಹುಡುಕಿದೆ. ಬದಲಾವಣೆಯ ಪುಸ್ತಕದಲ್ಲಿ ನನ್ನದೇ ಅಕ್ಷರ. "ತಾತ್ಕಾಲಿಕ. ಕ್ಲೈಂಟ್ ಅಪ್‌ಗ್ರೇಡ್ ಆದಮೇಲೆ ತೆಗೆಯಬೇಕು." ಅಪ್‌ಗ್ರೇಡ್ ಆಗಿರಲಿಲ್ಲ. ಯಾರೂ ಕೇಳಿರಲಿಲ್ಲ, ಯಾಕಂದ್ರೆ ಎಲ್ಲ ನಡೀತಾ ಇತ್ತು. ಊಟಕ್ಕೆ ಹೋದ ಆ ವಿಶ್ಲೇಷಕ ಒಂದು ಮಧ್ಯಾಹ್ನ ಮರೆತ, ನಾನು ಒಂಬತ್ತು ತಿಂಗಳು ಮರೆತೆ.

ಸರಿಯಾದ ಕೆಲಸ ಅಂದ್ರೆ ಕ್ಲೈಂಟ್ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕೋದು. ನಸುಕಿನ ಐದು ಗಂಟೆಗೆ, ಓಡುತ್ತಿರೋ ಪ್ಲಾಂಟಿನಲ್ಲಿ ಅದು ಆಗದ ಮಾತು. ಹಾಗಾಗಿ ಆ ತಿಂಗಳ ಅಪ್‌ಡೇಟನ್ನೇ ಕಿತ್ತುಹಾಕಿದೆ. 5.20ಕ್ಕೆ ಪರದೆಯಲ್ಲಿ ಒಟ್ಟಿಗೆ ನಲವತ್ತು ಚಿಲ್ಲರೆ ಅಲಾರಂ ಸುರಿದವು, ಆಪರೇಟರ್ ಒಂದೊಂದನ್ನೇ ಓದಿ ಒಪ್ಪಿಕೊಳ್ಳುತ್ತಾ ಬಂದರು. ಮೂರು ವಾರ ಆದಮೇಲೆ ಹೊಸ ಆವೃತ್ತಿ ಹಾಕಿ, ಅಪ್‌ಡೇಟನ್ನೂ ವಾಪಸ್ ಹಾಕಿದೆ. ರಿಪೋರ್ಟಿನಲ್ಲಿ ರಿಜಿಸ್ಟ್ರಿ ಸಾಲಿನ ವಿಷಯ ಬರೆಯೋದಾ ಬೇಡವಾ ಅಂತ ಒಂದು ದಿನ ಯೋಚನೆ ಮಾಡಿ, ಬರೆದೆ. ಮ್ಯಾನೇಜರ್ ಏನಂದರು ಅನ್ನೋದು ಇಲ್ಲಿಗೆ ಬೇಡ.

ಈಗ ಅಪ್‌ಡೇಟ್ ಹಾಕಿದ ಪ್ರತಿ ರಾತ್ರಿ ಕಂಟ್ರೋಲ್ ರೂಮಿಗೆ ಫೋನ್ ಮಾಡ್ತೀನಿ. ಟಾರ್ಚ್ ಹುಡುಗ ಹೊರಗೆ ಹೋಗಿ ಒಂದು ಚಿಕ್ಕ ಟ್ಯಾಂಕಿನ ಫ್ಲೋಟನ್ನ ಕೈಯಿಂದ ಎತ್ತಿ ಹಿಡೀತಾನೆ. ನಾನು ಲೈನಲ್ಲೇ ಕಾಯ್ತೀನಿ. "ಬಂತಾ?" ಅಂತ ಕೇಳಿದರೆ ಆ ಆಪರೇಟರ್ ಬಾಯಲ್ಲಿ ಉತ್ತರ ಕೊಡಲ್ಲ. ಫೋನನ್ನ ಹಾರ್ನಿನ ಕಡೆ ಹಿಡೀತಾರೆ.